ಮಾತ್ರೆಯ ಜೊತೆಗೆ ಮಾತನ್ನೂ ಪಡೆಯಿರಿ

(ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೆ ಮತ್ತು ಅವರ ಜೊತೆಯಲ್ಲಿ ಬಂದವರಿಗೆ ನೀಡಿದ ಆರೋಗ್ಯ ತಿಳಿವಳಿಕೆಯ ಭಾಷಣ)



ಚೀಟಿ ಹಿಡಿದುಕೊಂಡು ಬೆಳಿಗ್ಗೆಯಿಂದ ಕಾದಿರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಊರಿನ ಬಸ್ಸಿಗೆ ಹೊತ್ತಾಗುತ್ತದೆ ಎಂಬ ಚಿಂತೆಯೂ ಇದೆ. ಆದ್ದರಿಂದ ಇವತ್ತು ಒಂದೇ ವಿಷಯ ಹೇಳುತ್ತೇನೆ. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ಔಷಧ ಕೌಂಟರಿನ ಮುಂದೆ ನೀವು ನಿಲ್ಲುವ ಎರಡು ಮೂರು ನಿಮಿಷ ಇದೆಯಲ್ಲ, ಅದರ ವಿಷಯ. ಆ ಹೊತ್ತಿನಲ್ಲಿ ಫಾರ್ಮಾಸಿಸ್ಟ್ ನಿಮ್ಮನ್ನು ಏನು ಕೇಳುತ್ತಾರೆ, ಏನು ಹೇಳುತ್ತಾರೆ, ನೀವು ಏನೇನು ಕೇಳಿ ತಿಳಿದುಕೊಳ್ಳಬೇಕು ಎಂಬುದನ್ನು ನೋಡೋಣ.

ಆ ಎರಡು ನಿಮಿಷವನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ದುಡ್ಡು ಕೊಟ್ಟೆವು, ಕವರು ತೆಗೆದುಕೊಂಡೆವು, ಹೊರಟೆವು. ಆದರೆ ಡಾಕ್ಟರು ರೋಗ ಕಂಡುಹಿಡಿದು ಸರಿಯಾದ ಔಷಧ ಬರೆದರೂ ಅದು ಮನೆಯಲ್ಲಿ ಸರಿಯಾಗಿ ಹೊಟ್ಟೆಗೆ ಹೋಗದಿದ್ದರೆ ಕಾಯಿಲೆ ವಾಸಿಯಾಗದು. ಕೆಲವು ಸಲ ಅದೇ ಔಷಧ ಇನ್ನೊಂದು ಕಾಯಿಲೆಯನ್ನು ತಂದಿಡುತ್ತದೆ.

ಒಂದು ಮಾತು ತಪ್ಪಿದರೆ

ಕೆಲವು ವರ್ಷಗಳ ಹಿಂದೆ ಹೆಣ್ಣುಮಕ್ಕಳ ವಾರ್ಡಿಗೆ ಹಳ್ಳಿಯ ಒಬ್ಬ ತಾಯಿ ದಾಖಲಾದರು. ವಯಸ್ಸು ಐವತ್ತೈದರ ಆಸುಪಾಸು. ಕೀಲು ಊತದ ಕಾಯಿಲೆಗೆ ಬೇರೆ ಕಡೆ ಚಿಕಿತ್ಸೆ ಪಡೆಯುತ್ತಿದ್ದರು. ಬಾಯಿ ತುಂಬ ಹುಣ್ಣು, ಗುಟುಕು ನೀರು ನುಂಗಲೂ ಆಗದು, ಮೇಲೆ ಜ್ವರ. ರಕ್ತ ಪರೀಕ್ಷೆ ಮಾಡಿದಾಗ ಬಿಳಿ ರಕ್ತಕಣಗಳು ತೀರಾ ಕೆಳಗಿಳಿದಿದ್ದವು. ಚೀಲದಲ್ಲಿದ್ದ ಮಾತ್ರೆಗಳನ್ನು ತೆಗೆಸಿ ನೋಡಿದ ಮೇಲೆ ಕಾರಣ ತಿಳಿಯಿತು. ಅವುಗಳಲ್ಲಿ ಒಂದು ಮೆಥೊಟ್ರೆಕ್ಸೇಟ್. ಕೀಲು ಊತಕ್ಕೆ ಅದು ಒಳ್ಳೆಯ ಔಷಧವೇ. ಆದರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕಾದ ಮಾತ್ರೆ. ಆ ತಾಯಿ ಅದನ್ನು ಹನ್ನೊಂದು ದಿನ, ದಿನಾ ರಾತ್ರಿ ನುಂಗಿದ್ದರು.

ಹೇಗಾಯಿತು ಎಂದು ವಿಚಾರಿಸಿದೆವು. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದೇ ಬರೆದಿತ್ತು. ಅಂಗಡಿಯವರು ಮಗನಿಗೆ ಹಾಗೆಂದೇ ಹೇಳಿದ್ದರು. ಮಗ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವವನು. ಅವಸರದಲ್ಲಿ ಮನೆಗೆ ಬಂದು ಕವರನ್ನು ಹೆಂಡತಿಯ ಕೈಗಿಟ್ಟು, "ಅವ್ವಂಗೆ ರಾತ್ರಿ ಊಟ ಆದ್ಮೇಲೆ ಮೂರೂ ಮಾತ್ರೆ ಕೊಡು" ಎಂದು ಹೇಳಿ ಕೆಲಸಕ್ಕೆ ಹೋದ. ಸೊಸೆ ಹೇಳಿದಂತೆ ನಡೆದುಕೊಂಡಳು. ಅತ್ತೆ ಕೊಟ್ಟದ್ದನ್ನು ನುಂಗಿದರು. ಇಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಔಷಧ ಸರಿ, ಚೀಟಿ ಸರಿ. ಕೌಂಟರಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ "ವಾರಕ್ಕೆ" ಎಂಬ ಒಂದು ಮಾತು ಬಿದ್ದುಹೋಗಿತ್ತು. ಆ ಒಂದು ಮಾತು ಪ್ರಾಣದ ಹತ್ತಿರಕ್ಕೆ ಬಂದಿತ್ತು. ಬಹಳ ದಿನದ ಆರೈಕೆಯ ನಂತರ ಆ ತಾಯಿ ಚೇತರಿಸಿಕೊಂಡರು.

ಬಿಡುಗಡೆಯ ದಿನ ಫಾರ್ಮಾಸಿಸ್ಟ್ ಮಂಚದ ಹತ್ತಿರವೇ ಬಂದರು. ಸೊಸೆಯನ್ನೂ ಕೂರಿಸಿಕೊಂಡರು. "ಅಮ್ಮಾ, ವಾರದಲ್ಲಿ ನೀವು ಯಾವತ್ತೂ ಮರೆಯದ ದಿನ ಯಾವುದು?" ಎಂದು ಕೇಳಿದರು. "ಸೋಮವಾರ ಕಣಪ್ಪ, ದೇವಸ್ಥಾನಕ್ಕೆ ಹೋಗ್ತೀನಿ" ಎಂದರು. ಡಾಕ್ಟರು ಆ ಮಾತ್ರೆಯನ್ನು ಮತ್ತೆ ಎಂದಿನಿಂದ ಶುರು ಮಾಡಬೇಕೆಂದು ಹೇಳುತ್ತಾರೋ ಅಂದಿನಿಂದ ಸೋಮವಾರ ರಾತ್ರಿ ಮಾತ್ರ ಎಂದು ತಿಳಿಸಿ, ಬೇರೆ ಡಬ್ಬಿಯ ಮೇಲೆ ದೊಡ್ಡದಾಗಿ "ಸೋಮವಾರ" ಎಂದು ಬರೆದುಕೊಟ್ಟರು. ಆಮೇಲೆ, "ಈಗ ನೀವು ನನಗೆ ಹೇಳಿ ನೋಡೋಣ" ಎಂದರು. ಆ ತಾಯಿ ಹೇಳಿದರು, ಸೊಸೆಯೂ ಹೇಳಿದಳು. ಇಷ್ಟಕ್ಕೆ ಹಿಡಿದದ್ದು ನಾಲ್ಕೈದು ನಿಮಿಷ. ಔಷಧ ಸಲಹೆ ಎಂದರೆ ಇದೇ.

ಕೇಳುವುದು ನಿಮ್ಮ ಹಕ್ಕು

ಕೌಂಟರಿನಲ್ಲಿ ಪ್ರಶ್ನೆ ಕೇಳಲು ನಮ್ಮ ಜನ ಹಿಂಜರಿಯುತ್ತಾರೆ. "ಅವರಿಗೆ ಯಾಕೆ ತೊಂದರೆ, ಹಿಂದೆ ಸಾಲು ನಿಂತಿದೆ" ಎನ್ನುತ್ತಾರೆ. ಫಾರ್ಮಾಸಿಸ್ಟ್ ಬರೀ ಮಾತ್ರೆ ಎಣಿಸಿ ಕೊಡುವವರಲ್ಲ. ಎರಡು ವರ್ಷದ ಡಿಪ್ಲೊಮಾ ಇಲ್ಲವೇ ನಾಲ್ಕು ವರ್ಷದ ಪದವಿ ಓದಿ, ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಡಾಕ್ಟರ ಚೀಟಿಯ ಮೇಲೆ ಔಷಧ ಕೊಡುವ ಕೆಲಸ ನೋಂದಾಯಿತ ಫಾರ್ಮಾಸಿಸ್ಟರದು ಎಂದು 1948ರ ಫಾರ್ಮಸಿ ಕಾಯಿದೆಯೇ ಹೇಳುತ್ತದೆ. 2015ರಲ್ಲಿ ಬಂದ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯು ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಅವರ ವೃತ್ತಿಯ ಭಾಗವಾಗಿ ಸೇರಿಸಿದೆ. ಔಷಧದ ಹೆಸರು, ಯಾವುದಕ್ಕೆ, ಎಷ್ಟು, ಹೇಗೆ, ಎಷ್ಟು ದಿನ, ಅಡ್ಡ ಪರಿಣಾಮ ಏನು, ಎಲ್ಲಿಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಇವೆಲ್ಲವೂ ಅದರಲ್ಲಿ ಬರುತ್ತವೆ. ಆದ್ದರಿಂದ ನೀವು ಕೇಳಿದರೆ ಅದು ತೊಂದರೆ ಕೊಟ್ಟಂತಲ್ಲ.

ಈ ವಿಷಯದಲ್ಲಿ ನಮ್ಮ ಕರ್ನಾಟಕ ಹಿಂದೆ ಬಿದ್ದಿಲ್ಲ. ಸುತ್ತೂರು ಶ್ರೀಮಠದ ಆಶ್ರಯದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ ನಡೆಸುವ ಫಾರ್ಮಸಿ ಕಾಲೇಜಿನಲ್ಲಿ 1996ರಲ್ಲಿ ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಒಂದು ಆಸ್ಪತ್ರೆಯ ತಜ್ಞರು ಅದಕ್ಕೆ ಸಹಕಾರ ನೀಡಿದರು. ಅಲ್ಲಿ ಫಾರ್ಮಾಸಿಸ್ಟರು ಕೌಂಟರು ಬಿಟ್ಟು ವಾರ್ಡಿಗೆ ಬಂದರು. ಡಾಕ್ಟರ ಜೊತೆ ರೋಗಿಯ ಮಂಚದ ಬಳಿ ನಿಂತು, ಔಷಧಗಳನ್ನು ಪರಿಶೀಲಿಸಿ, ಮನೆಗೆ ಹೋಗುವ ರೋಗಿಗೆ ತಿಳಿಸಿ ಹೇಳುವುದನ್ನು ಕಲಿತರು. 2008ರಿಂದ ದೇಶದಲ್ಲಿ ಆರು ವರ್ಷದ ಫಾರ್ಮ್.ಡಿ. ಶಿಕ್ಷಣವೂ ಬಂದಿದೆ. ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ವಾರ್ಡಿನಲ್ಲಿ ಬಂದು, "ಮನೆಯಲ್ಲಿ ಯಾವ ಮಾತ್ರೆ ತಗೋತಿದ್ರಿ?" ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದು ನಿಮ್ಮ ಒಳ್ಳೆಯದಕ್ಕೆ.

ಮೊದಲು ನೀವು ಹೇಳಬೇಕಾದದ್ದು

ಸಲಹೆ ಒಂದು ಕಡೆಯ ಮಾತಲ್ಲ. ನೀವು ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ. ಈ ಐದು ಸಂಗತಿಗಳನ್ನು ಅವರು ಕೇಳದಿದ್ದರೂ ನೀವೇ ಹೇಳಿ.

1. ಹಿಂದೆ ಯಾವುದಾದರೂ ಮಾತ್ರೆ, ಇಂಜೆಕ್ಷನ್ನಿನಿಂದ ಮೈ ದದ್ದು ಎದ್ದದ್ದು, ಮುಖ ಊದಿದ್ದು, ಉಸಿರು ಕಟ್ಟಿದ್ದು ಇದ್ದರೆ.

2. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳು. ಶುಗರ್, ಬಿ.ಪಿ. ಮಾತ್ರೆಯಷ್ಟೇ ಅಲ್ಲ, ಮೈಕೈ ನೋವಿಗೆ ನೀವೇ ಕೊಂಡು ನುಂಗುವ ಮಾತ್ರೆ, ನಾಟಿ ಔಷಧ, ಚೂರ್ಣ, ಲೇಹ್ಯ ಕೂಡ.

3. ಹೆಣ್ಣುಮಕ್ಕಳು ಬಸುರಿಯಾಗಿದ್ದರೆ, ಮುಟ್ಟು ನಿಂತಿದ್ದರೆ, ಮಗುವಿಗೆ ಎದೆಹಾಲು ಕೊಡುತ್ತಿದ್ದರೆ.

4. ಮೂತ್ರಪಿಂಡ, ಪಿತ್ತಜನಕಾಂಗ, ಹೃದಯದ ತೊಂದರೆ, ಹೊಟ್ಟೆ ಹುಣ್ಣು ಇದ್ದರೆ.

5. ಮದ್ಯಪಾನದ ಅಭ್ಯಾಸವಿದ್ದರೆ. ನಾಚಿಕೆ ಬೇಡ. ಮೆಟ್ರೊನಿಡಜೋಲ್‌ನಂಥ ಮಾತ್ರೆಯ ಜೊತೆ ಮದ್ಯ ಸೇರಿದರೆ ವಾಂತಿ, ಎದೆಬಡಿತ ಹೆಚ್ಚಾಗಬಹುದು. ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಅವರ ಧರ್ಮ. ಸಾಲಿನಲ್ಲಿ ಹೇಳಲು ಸಂಕೋಚವಾದರೆ "ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದು ಕರೆಯಿರಿ.

ಎಲ್ಲಕ್ಕಿಂತ ಸುಲಭದ ದಾರಿ ಒಂದಿದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಬನ್ನಿ. ಒಬ್ಬ ಯಜಮಾನರು ಹಾಗೆ ತಂದಾಗ ಒಂದು ಸಂಗತಿ ಬೆಳಕಿಗೆ ಬಂತು. ಅವರಿಗೆ ಎದ್ದು ನಿಂತರೆ ತಲೆ ಸುತ್ತು ಬರುತ್ತಿತ್ತು, ಎರಡು ಸಲ ಹಟ್ಟಿಯಲ್ಲಿ ಬಿದ್ದಿದ್ದರು. ಚೀಲದಲ್ಲಿ ಬಿ.ಪಿ. ಮಾತ್ರೆಯ ಎರಡು ಶೀಟು ಇದ್ದವು. ಬಣ್ಣ ಬೇರೆ, ಕಂಪನಿಯ ಹೆಸರು ಬೇರೆ. ಒಂದು ಊರಿನಲ್ಲಿ ಕೊಂಡದ್ದು, ಇನ್ನೊಂದು ತುಮಕೂರಿನಲ್ಲಿ. ಎರಡರಲ್ಲಿಯೂ ಇದ್ದ ಮೂಲ ಔಷಧ ಒಂದೇ, ಟೆಲ್ಮಿಸಾರ್ಟಾನ್. ಅವರು ಎರಡನ್ನೂ ನುಂಗುತ್ತಿದ್ದರು. ಶೀಟಿನ ಮೇಲೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಮೂಲ ಹೆಸರೂ ಇರುತ್ತದೆ. ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರಿನಲ್ಲಿಯೇ ಕಡಿಮೆ ಬೆಲೆಗೆ ಔಷಧ ಸಿಗುತ್ತದೆ, ತೆಗೆದುಕೊಳ್ಳಬಹುದು. ಆದರೆ "ಇದು ಹಳೆಯ ಮಾತ್ರೆಯ ಬದಲಿಗೋ, ಅದರ ಜೊತೆಗೋ?" ಎಂದು ತಪ್ಪದೆ ಕೇಳಿ.

ಚೀಟಿ ಓದುವುದು ಹೇಗೆ

ಚೀಟಿಯಲ್ಲಿ 1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅರ್ಥ. 0-0-1 ಎಂದರೆ ರಾತ್ರಿ ಮಾತ್ರ. ಓ.ಡಿ. ಎಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ. ಎಸ್.ಓ.ಎಸ್. ಎಂದರೆ ನೋವೋ ಜ್ವರವೋ ಬಂದಾಗ ಮಾತ್ರ, ದಿನಾ ಅಲ್ಲ. ಓದು ಬಾರದವರು ಚಿಂತಿಸಬೇಕಿಲ್ಲ. ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯನ ಗುರುತು, ರಾತ್ರಿಗೆ ಚಂದ್ರನ ಗುರುತು ಹಾಕಿಕೊಡಿ ಎಂದು ಕೇಳಿ. ಬಣ್ಣ ನೋಡಿ ಮಾತ್ರೆ ಗುರುತಿಸುವ ಅಜ್ಜಿಯರು ಒಂದು ಎಚ್ಚರ ವಹಿಸಬೇಕು. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಹೋದ ತಿಂಗಳ ಖಾಲಿ ಶೀಟನ್ನು ಎಸೆಯದೆ ತಂದು ತೋರಿಸಿ.

ಊಟದ ಮುಂಚೆಯೋ, ಆಮೇಲೋ

"ಯಾವಾಗ ತಗೊಂಡ್ರೇನು, ಹೊಟ್ಟೆಗೆ ತಾನೇ ಹೋಗೋದು" ಎನ್ನುವವರಿದ್ದಾರೆ. ಹಾಗಲ್ಲ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಡೇರಿಗೆ ಹಾಲು ಹಾಕಲು ಹೋಗುವ ಮುಂಚೆ ಮಾತ್ರೆ, ಹಾಕಿ ಬಂದ ಮೇಲೆ ಕಾಫಿ ಎಂದು ಇಟ್ಟುಕೊಂಡರೆ ಮರೆವೇ ಆಗುವುದಿಲ್ಲ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ಊಟವಾದ ಮೇಲೆ, ಇಲ್ಲವಾದರೆ ಹೊಟ್ಟೆ ತೊಳಸುತ್ತದೆ. ಅದೇ ಶುಗರಿನ ಗ್ಲಿಮೆಪಿರೈಡ್ ಊಟಕ್ಕೆ ಕೂರುವ ಮುಂಚೆ. ಅದನ್ನು ನುಂಗಿದ ಮೇಲೆ ಹೊಲದ ಕೆಲಸ ಎಂದು ಊಟ ಮುಂದಕ್ಕೆ ಹಾಕಬಾರದು, ಶುಗರ್ ಕೆಳಗಿಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಬಸುರಿ ಬಾಣಂತಿಯರ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ನಿಂಬೆ ಪಾನಕದ ಜೊತೆ ಚೆನ್ನಾಗಿ ಸೇರುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಡಿ.

ರಾತ್ರಿ ಪಾಳಿಯವರಿಗೆ ಬೆಳಿಗ್ಗೆ, ರಾತ್ರಿ ಎಂಬುದೇ ತಿರುಗುಮುರುಗು. ನಿಮ್ಮ ಪಾಳಿಯ ಹೊತ್ತು ಹೇಳಿ, ಅದಕ್ಕೆ ಹೊಂದುವಂತೆ ಮಾತ್ರೆಯ ಹೊತ್ತನ್ನು ಗೊತ್ತು ಮಾಡಿಸಿಕೊಳ್ಳಿ. ನೆಗಡಿ, ತುರಿಕೆಯ ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಅವನ್ನು ನುಂಗಿ ಬೈಕು, ಟ್ರ್ಯಾಕ್ಟರು, ಯಂತ್ರ ನಡೆಸಬೇಡಿ.

ಮಾಡಿ ತೋರಿಸಿ ಎಂದು ಕೇಳಿ

ಕೆಲವು ಔಷಧಗಳನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಮಾಡಿ ತೋರಿಸಬೇಕು.

ಉಬ್ಬಸದ ಪಂಪು: ಚೆನ್ನಾಗಿ ಅಲ್ಲಾಡಿಸಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಉಸಿರೆಳೆಯುತ್ತಾ ಒತ್ತಬೇಕು. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಎದೆನೋವಿಗೆ ನಾಲಿಗೆಯ ಕೆಳಗಿಡುವ ಮಾತ್ರೆ: ಡಾಕ್ಟರು ನಿಮಗೆಂದೇ ಬರೆದಿದ್ದರೆ ಮಾತ್ರ. ಕುಳಿತುಕೊಂಡು ಇಡಬೇಕು, ನುಂಗಬಾರದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ.

ಮಕ್ಕಳ ಔಷಧ: ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಚಮಚಗಳು ಒಂದೇ ಅಳತೆಯವಲ್ಲ. ಬಾಟಲಿಯ ಜೊತೆ ಬರುವ ಮುಚ್ಚಳದಲ್ಲಿ 2.5, 5 ಮಿ.ಲೀ. ಗೆರೆ ಇರುತ್ತದೆ. ನಿಮ್ಮ ಮಗುವಿಗೆ ಯಾವ ಗೆರೆಯವರೆಗೆ ಎಂದು ಕೌಂಟರಿನಲ್ಲಿಯೇ ಗುರುತು ಮಾಡಿಸಿಕೊಳ್ಳಿ. ಪುಡಿ ರೂಪದ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕಲಕಬೇಕು. ಬೆರೆಸಿದ ಮೇಲೆ ಎಷ್ಟು ದಿನ ಇಡಬಹುದು ಎಂದು ಕೇಳಿ. ದೊಡ್ಡ ಓ.ಆರ್.ಎಸ್. ಪೊಟ್ಟಣ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಬಾರದು. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಭೇದಿ ನಿಂತರೂ ಸತುವಿನ ಮಾತ್ರೆಯನ್ನು 14 ದಿನ ಪೂರ್ತಿ ಕೊಡಬೇಕು.

ಕಣ್ಣಿನ ಹನಿ: ಒಂದು ಹನಿ ಸಾಕು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಬಾಟಲಿ ತೆರೆದ ದಿನವನ್ನು ಅದರ ಮೇಲೆ ಬರೆದಿಡಿ. ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಬಳಸಬಾರದು.

ಮಾತ್ರೆ ನುಂಗಲಾಗದ ವಯಸ್ಸಾದವರಿಗೆ ಕುಟ್ಟಿ ಪುಡಿ ಮಾಡಿ ಕೊಡುವ ಮುನ್ನ ಕೇಳಿ. ದಿನವಿಡೀ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ಮೈಗೆ ಸೇರಿಬಿಡುತ್ತದೆ.

ಮರೆತರೆ, ಉಪವಾಸವಿದ್ದರೆ, ಜಾತ್ರೆಗೆ ಹೋದರೆ

ಒಂದು ಹೊತ್ತು ಮರೆತರೆ, ಸಾಮಾನ್ಯವಾಗಿ ನೆನಪಾದ ಕೂಡಲೇ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟದ್ದನ್ನು ಬಿಟ್ಟುಬಿಡಿ. ಎರಡನ್ನೂ ಸೇರಿಸಿ ನುಂಗಬೇಡಿ. ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆಗಳಿಗೆ ಬೇರೆ ನಿಯಮ ಇರಬಹುದು, ಮುಂಚೆಯೇ ಕೇಳಿಟ್ಟುಕೊಳ್ಳಿ.

ಶಿವರಾತ್ರಿಯ ಉಪವಾಸ, ಸೋಮವಾರದ ಒಪ್ಪೊತ್ತು ನಮ್ಮ ಕಡೆ ಬಹಳ ಜನಕ್ಕೆ ಉಂಟು. ಶುಗರ್ ಇರುವವರು ಊಟ ಬಿಟ್ಟು ಎಂದಿನಂತೆ ಮಾತ್ರೆ, ಇನ್ಸುಲಿನ್ ತೆಗೆದುಕೊಂಡರೆ ಅಪಾಯ. ಉಪವಾಸ ಎಂದು ಎಲ್ಲ ಮಾತ್ರೆ ಬಿಟ್ಟುಬಿಡುವುದೂ ಅಪಾಯವೇ. ಒಂದು ವಾರ ಮುಂಚೆ ಬಂದು ಹೇಳಿ. ಉಪವಾಸ ಮಾಡಬಹುದೋ, ಮಾಡುವುದಾದರೆ ಯಾವ ಮಾತ್ರೆ ಹೇಗೆ ಎಂದು ಡಾಕ್ಟರನ್ನು ವಿಚಾರಿಸಿ ಗೊತ್ತು ಮಾಡಿಕೊಳ್ಳಬಹುದು. ಸಂಕ್ರಾಂತಿ ಜಾತ್ರೆಗೆ ಶಿವಗಂಗೆ ಬೆಟ್ಟ ಹತ್ತುವ ಶುಗರ್ ರೋಗಿಗಳು ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲು ಹತ್ತಬಾರದು. ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲದ ಪೊಟ್ಟಣ ಇರಲಿ. ಉಬ್ಬಸದವರ ಪಂಪು ಕೆಳಗೆ ನಿಂತ ಬಸ್ಸಿನಲ್ಲಲ್ಲ, ಅವರ ಕೈಯಲ್ಲಿರಲಿ. ಎದೆನೋವಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹತ್ತಲೇಬೇಡಿ.

ವಾಸಿಯಾಯಿತೆಂದು ಬಿಡಬೇಡಿ

ಬಿ.ಪಿ., ಶುಗರ್ ಅಳತೆ ಸರಿಗೆ ಬಂದದ್ದು ಮಾತ್ರೆಯಿಂದಲೇ. ಸರಿಯಾಯಿತೆಂದು ನಿಲ್ಲಿಸಿದರೆ ಮತ್ತೆ ಏರುತ್ತದೆ. ಪಾರ್ಶ್ವವಾಯು ಹೊಡೆದು ಬರುವವರನ್ನು ಕೇಳಿದರೆ "ಚೆನ್ನಾಗಿದ್ದೆ ಅಂತ ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದೆ" ಎನ್ನುವ ಮಾತನ್ನು ನಾವು ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ದುಡ್ಡಿನ ಅಡಚಣೆಯಿಂದ ಬಿಡುವವರೂ ಇದ್ದಾರೆ. ಹಾಗಿದ್ದರೆ ಬಾಯಿ ಬಿಟ್ಟು ಹೇಳಿ. ಕಡಿಮೆ ಬೆಲೆಯದು ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವುದು ಯಾವುದು ಎಂದು ತಿಳಿಸುತ್ತಾರೆ. ಒಂದು ದಿನ ಬಿಟ್ಟು ಒಂದು ದಿನ ನುಂಗಿ ಉಳಿತಾಯ ಮಾಡುವುದು ಬೇಡ.

ಕ್ಷಯರೋಗಕ್ಕೆ ಸರ್ಕಾರ ಉಚಿತವಾಗಿ ಕೊಡುವ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ತೆಗೆದುಕೊಳ್ಳಬೇಕು. ಒಂದೆರಡು ತಿಂಗಳಿಗೇ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ಅಲ್ಲಿಗೆ ಬಿಟ್ಟರೆ ರೋಗಾಣು ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಸೋಂಕಿಗೆ ಕೊಡುವ ಆಂಟಿಬಯಾಟಿಕ್ ಕೂಡ ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಡಬಾರದು. ಶೀಟಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಗೆರೆಯ ಬಗ್ಗೆ ಜನರಲ್ಲಿ ತಿಳಿವಳಿಕೆ ಮೂಡಿಸಲು ಆಂದೋಲನ ನಡೆಸಿತು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳಿದರೆ ಸಿಟ್ಟಾಗಬೇಡಿ, ಅವರು ಸರಿಯಾಗಿಯೇ ಹೇಳುತ್ತಿದ್ದಾರೆ.

ಹೆದರಬೇಕಾದದ್ದು, ಹೆದರಬೇಡದ್ದು

ಮುಂಚೆಯೇ ತಿಳಿದಿದ್ದರೆ ಹೆದರಿಕೆ ಇರುವುದಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಕ್ಷಯದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಇದನ್ನು ರಕ್ತ ಎಂದು ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಇವೆರಡಕ್ಕೂ ಭಯಬೇಡ. ಬಿ.ಪಿ.ಯ ಆಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಬಿಡಬೇಡಿ, ಬಂದು ತೋರಿಸಿ.

ಆದರೆ ಮೈ ದದ್ದು, ಮುಖ ತುಟಿ ಊತ, ಉಸಿರಾಟದ ತೊಂದರೆ, ಕಣ್ಣು ಹಳದಿ, ಬಾಯಿ ತುಂಬ ಹುಣ್ಣು, ರಕ್ತ ವಾಂತಿ ಕಂಡರೆ ತಡಮಾಡದೆ ಮಾತ್ರೆಗಳ ಸಮೇತ ಆಸ್ಪತ್ರೆಗೆ ಬನ್ನಿ. ಔಷಧದ ಅಡ್ಡ ಪರಿಣಾಮಗಳನ್ನು ದಾಖಲಿಸಲು 2010ರಿಂದ ದೇಶದಲ್ಲಿ ಒಂದು ಕಾರ್ಯಕ್ರಮ ನಡೆಯುತ್ತಿದೆ. ರೋಗಿಗಳೇ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ತಿಳಿಸಬಹುದು.

ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಎಂದು ಕೊಂಡ ಮೂರರಲ್ಲಿಯೂ ಪ್ಯಾರಾಸಿಟಮಾಲ್ ಇರಬಹುದು. ಮಿತಿ ಮೀರಿದರೆ ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಮಂಡಿನೋವಿಗೆಂದು ಡೈಕ್ಲೊಫೆನಾಕ್ ಮಾತ್ರೆಯನ್ನು ವರ್ಷಗಟ್ಟಲೆ ತಾವೇ ಕೊಂಡು ನುಂಗುವವರಿಗೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು.

ಎಲ್ಲಿಡಬೇಕು

ಒಲೆಯ ಮೇಲಿನ ಗೂಡು, ಕಿಟಕಿಯ ಬಿಸಿಲು, ಬಚ್ಚಲುಮನೆಯ ತೇವ, ಮೂರೂ ಔಷಧಕ್ಕೆ ಆಗದು. ಮಕ್ಕಳ ಕೈಗೆಟುಕದ ತಂಪಾದ, ಒಣಗಿದ ಜಾಗ ಬೇಕು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿರಬೇಕು, ಆದರೆ ಹೆಪ್ಪುಗಟ್ಟುವ ಕಡೆ ಅಲ್ಲ. ಬಳಸುತ್ತಿರುವ ಬಾಟಲಿಯನ್ನು ಹೊರಗೆ ತಂಪಿನಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಫ್ರಿಜ್ಜು ಇಲ್ಲದವರು ನೀರು ತುಂಬಿದ ಅಗಲ ಮಣ್ಣಿನ ಪಾತ್ರೆಯೊಳಗೆ ಸಣ್ಣ ಕುಡಿಕೆಯಿಟ್ಟು ಅದರಲ್ಲಿ ಇಡುವ ಕ್ರಮವಿದೆ, ಹೇಗೆಂದು ತೋರಿಸಿಕೊಡುತ್ತೇವೆ. ಶೀಟನ್ನು ಕತ್ತರಿಸಿ ಕೊಟ್ಟಾಗ ಅವಧಿ ಮುಗಿಯುವ ತಿಂಗಳು ನಿಮ್ಮ ತುಂಡಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಕವರಿನ ಮೇಲೆ ಬರೆಸಿಕೊಳ್ಳಿ. ಬಿಲ್ಲನ್ನು ಜೋಪಾನವಾಗಿಡಿ.

ಹೊರಡುವ ಮುನ್ನ

ಕೌಂಟರು ಬಿಡುವ ಮುನ್ನ ಪ್ರತಿಯೊಂದು ಮಾತ್ರೆಗೂ ಈ ಆರು ಪ್ರಶ್ನೆ ಕೇಳಿ.

1. ಇದು ಯಾವುದಕ್ಕೆ?
2. ಒಂದು ಸಲಕ್ಕೆ ಎಷ್ಟು, ದಿನಕ್ಕೋ ವಾರಕ್ಕೋ ಎಷ್ಟು ಸಲ?
3. ಊಟದ ಮುಂಚೆಯೋ, ಆಮೇಲೋ?
4. ಎಷ್ಟು ದಿನ? ಮುಗಿದ ಮೇಲೆ ಮತ್ತೆ ತರಬೇಕೋ, ನಿಲ್ಲಿಸಬೇಕೋ?
5. ಏನು ಕಂಡರೆ ವಾಪಸ್ಸು ಬರಬೇಕು?
6. ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು?

ಆಮೇಲೆ ನೀವೇ, "ನಾನು ಹೇಳ್ತೀನಿ, ಸರಿಯಾಗಿದೆಯಾ ನೋಡಿ" ಎಂದು ಅವರಿಗೆ ತಿರುಗಿ ಹೇಳಿ. ಇದು ಪರೀಕ್ಷೆ ಎಂದು ನಾಚಬೇಡಿ. ಅವರು ಹೇಳಿದ್ದು ನಿಮಗೆ ಸರಿಯಾಗಿ ತಲುಪಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಜೊತೆಯಲ್ಲಿ ಬಂದಿರುವ ಮಕ್ಕಳು, ಸೊಸೆಯಂದಿರು, ಅಳಿಯಂದಿರಿಗೆ ವಿಶೇಷವಾಗಿ ಒಂದು ವಿನಂತಿ. ಮನೆಯಲ್ಲಿ ಮಾತ್ರೆ ಎತ್ತಿಕೊಡುವವರು ಯಾರೋ ಅವರೇ ಕೌಂಟರಿನ ಮುಂದೆ ನಿಲ್ಲಲಿ. ಅವರು ಬಂದಿಲ್ಲದಿದ್ದರೆ ಅಲ್ಲಿಂದಲೇ ಫೋನು ಮಾಡಿ ಮಾತನಾಡಿಸಿ. ಔಷಧ ತರಲು ಚಿಕ್ಕ ಹುಡುಗರನ್ನು ಕಳಿಸಬೇಡಿ. ಸಾಲು ಉದ್ದವಾಗಿದ್ದರೆ ಔಷಧ ಪಡೆದು ಪಕ್ಕದ ಬೆಂಚಿನಲ್ಲಿ ಕುಳಿತಿರಿ, ಜನ ಕಡಿಮೆಯಾದ ಮೇಲೆ ಮತ್ತೆ ಹೋಗಿ ಕೇಳಿ. ಒಂದು ಬಸ್ಸು ತಪ್ಪಿದರೆ ಮುಂದಿನದು ಬರುತ್ತದೆ.

ಈಗ ಚೀಟಿ ಕೈಯಲ್ಲಿರುವವರು ಒಬ್ಬೊಬ್ಬರಾಗಿ ಕೌಂಟರಿಗೆ ಹೋಗಿ. ಏನಾದರೂ ತಿಳಿಯದಿದ್ದರೆ ನಾನು ಇಲ್ಲೇ ಇರುತ್ತೇನೆ, ಬಂದು ಕೇಳಿ. ಎಲ್ಲರಿಗೂ ಬೇಗ ಗುಣವಾಗಲಿ.